ಮೆಲ್ಲಕ ಏರಿ ಮೆಲ್ಲಕ ಇಳಿಯೋ ಎಲ್ಇಡಿ ಸರ್ಕ್ಯೂಟ್ ನಡೀಲಿಲ್ಲಂದ್ರ ಎಲ್ಲಿಂದ ಹುಡುಕಬೇಕು

ಗಣಪತಿ ಹಬ್ಬ ಹತ್ರ ಬಂತಂದ್ರ ಹುಬ್ಬಳ್ಳಿ ಒಳಗ ಓಣಿ ಓಣಿಗೂ ಮಂಟಪದ ಕೆಲ್ಸ ಚಾಲೂ ಆಗ್ತೈತಿ. ಪ್ಯಾಟಿಯಿಂದ ರೆಡಿ ಸೀರಿಯಲ್ ಲೈಟ್ ತಂದು ಹಚ್ಚೋರು ಹಚ್ತಾರ, ಆದ್ರ ಡಿಪ್ಲೊಮಾ, ಪಿಯುಸಿ ಓದೋ ಹುಡುಗೂರು ಒಂದಿಷ್ಟು ಮಂದಿ ತಾವ ಸರ್ಕ್ಯೂಟ್ ಮಾಡಿ ಗಣಪ್ಪನ ಪ್ರಭಾವಳಿ ಹಿಂದ ಎಲ್ಇಡಿ ಇಡ್ಬೇಕು ಅಂತ ಹಟ ಹಿಡೀತಾರ, ಅಂಥವ್ರನ್ನ ಕಂಡ್ರ ನನಗ ಖರೇನ ಖುಷಿ ಆಗ್ತೈತಿ. ಅವರಿಗೆ ಬೇಕಾಗಿದ್ದು ಟಕ್ ಟಕ್ ಅಂತ ಹತ್ತಿ ಆರೋ ಲೈಟ್ ಅಲ್ಲ, ಉಸಿರು ಆಡ್ದಂಗ ಮೆಲ್ಲಕ ಬೆಳಕು ಏರಿ ಮೆಲ್ಲಕ ಇಳಿಯೋ ಲೈಟ್. ಒಂದು 555 ಟೈಮರ್ ಐಸಿ, ಒಂದು ಟ್ರಾನ್ಸಿಸ್ಟರ್, ಎರಡು ರೆಸಿಸ್ಟರ್, ಎರಡು ಕೆಪಾಸಿಟರ್ ಇದ್ರ ಆಗೋ ಕೆಲ್ಸ ಇದು, ಆದ್ರ ಮದಲನೇ ಸರ್ತಿಗೇ ನಡೆಯೋದು ಕಡಿಮಿ. ನನ್ನ ಕಡೆ ತರೋ ಬೋರ್ಡ್ ನೋಡಿದ್ರ ಐಸಿ ಬದ್ಲಿ ಮಾಡಿರ್ತಾರ, ಟ್ರಾನ್ಸಿಸ್ಟರ್ ಬದ್ಲಿ ಮಾಡಿರ್ತಾರ, ಎಲ್ಇಡಿ ಎಲ್ಲಾ ಕಿತ್ತು ಹೊಸಾವು ಹಾಕಿರ್ತಾರ, ಮೀಟರ್ ಮಾತ್ರ ಒಂದ್ ಸರ್ತಿನೂ ಹಿಡ್ದಿರೂದಿಲ್ಲ. ಈ ಸರ್ಕ್ಯೂಟಿನಾಗ ಒಂದ ಒಂದು ಜಾಗಾ ಐತಿ, 2 ಮತ್ತ 6ನೇ ಪಿನ್ ಕೂಡೋ ಜಾಗಾ, ಅಲ್ಲಿ ಎಷ್ಟು ವೋಲ್ಟ್ ಐತಿ, ಅದು ಹ್ಯಾಂಗ ಓಡಾಡ್ತೈತಿ ಅಂತ ನೋಡಿದ್ರ ಅರ್ಧಕ್ಕಿಂತ ಜಾಸ್ತಿ ತ್ರಾಸು ಅಲ್ಲೇ ಗೊತ್ತಾಗ್ತೈತಿ. ಸಾಮಾನು ಬದ್ಲಿ ಮಾಡೋ ಕೆಲ್ಸ ಆಮ್ಯಾಲಿಂದು.

ಮದ್ಲ ಯಾವ ಸರ್ಕ್ಯೂಟ್ ಬಗ್ಗೆ ಮಾತಾಡಾಕತ್ತೀನಿ ಅಂತ ಹೇಳ್ತೀನಿ, ಯಾಕಂದ್ರ ಮುಂದ ಬರೋ ವೋಲ್ಟೇಜ್ ಲೆಕ್ಕ ಎಲ್ಲಾ ಇದ್ರ ಮ್ಯಾಲೆ ನಿಂತೈತಿ. ಸಪ್ಲೈ 12 ವೋಲ್ಟ್ ಡಿಸಿ. ಎನ್ಇ555 ಐಸಿದ 1ನೇ ಪಿನ್ ಗ್ರೌಂಡಿಗೆ, 8ನೇ ಪಿನ್ ಪ್ಲಸ್ಸಿಗೆ, 4ನೇ ಪಿನ್ನೂ ಸೀದಾ ಪ್ಲಸ್ಸಿಗೆ. 2 ಮತ್ತ 6 ಎರಡೂ ಪಿನ್ ಒಂದಕ್ಕೊಂದು ಕೂಡಿಸಿ, ಅಲ್ಲಿಗೆ 220 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್‌ದ ಪ್ಲಸ್ ಕಾಲು ಹಚ್ಚಬೇಕು, ಮೈನಸ್ ಕಾಲು ಗ್ರೌಂಡಿಗೆ. 3ನೇ ಪಿನ್ನಿಂದ ಅದ ಜಾಗಾಕ್ಕ ಒಂದು 10ಕೆ ರೆಸಿಸ್ಟರ್. 5ನೇ ಪಿನ್ನಿಂದ ಗ್ರೌಂಡಿಗೆ 103 ಅಂತ ಬರ್ದಿರೋ ಸಣ್ಣ ಸೆರಾಮಿಕ್ ಕೆಪಾಸಿಟರ್. 7ನೇ ಪಿನ್ ಖಾಲಿ. ಇನ್ನ ಬಿಸಿ547 ಟ್ರಾನ್ಸಿಸ್ಟರ್, ಅದರ ಬೇಸ್ 2-6 ಕೂಡಿದ ಜಾಗಾಕ್ಕ, ಕಲೆಕ್ಟರ್ ಸೀದಾ 12 ವೋಲ್ಟಿಗೆ, ಎಮಿಟರ್‌ನಿಂದ 220 ಓಮ್ ರೆಸಿಸ್ಟರ್, ಅದರ ಮುಂದ ಒಂದರ ಹಿಂದ ಒಂದು ಎರಡು ಕೆಂಪು ಎಲ್ಇಡಿ, ಅಲ್ಲಿಂದ ಗ್ರೌಂಡಿಗೆ. ಅಷ್ಟ.

ಇದು ನಡೆಯೋ ರೀತಿ ತಿಳ್ಕೊಂಡ್ರ ಹುಡುಕೋದು ಹಗುರ ಆಗ್ತೈತಿ. ಐಸಿ ಒಳಗ ಒಂದ ಅಳತಿ 5ಕೆ ರೆಸಿಸ್ಟರ್ ಮೂರು ಸಾಲಾಗಿ ಕುಂತಾವು, ಅವು ಸಪ್ಲೈನ ಮೂರು ಪಾಲು ಮಾಡ್ತಾವು, ಅಂದ್ರ 12 ವೋಲ್ಟಿಗೆ 4 ಮತ್ತ 8. 3ನೇ ಪಿನ್ (ಔಟ್‌ಪುಟ್) ವೋಲ್ಟೇಜ್ ಮ್ಯಾಲೆ ಇದ್ದಾಗ 10ಕೆ ಮೂಲಕ ಕೆಪಾಸಿಟರ್ ತುಂಬತೈತಿ, 8 ವೋಲ್ಟ್ ಮುಟ್ಟಿದ ಕೂಡ್ಲೆ ಐಸಿ 3ನೇ ಪಿನ್ನ ಕೆಳಗ ಎಳೀತೈತಿ, ಆವಾಗ ಅದ ರೆಸಿಸ್ಟರ್ ಮೂಲಕ ಕೆಪಾಸಿಟರ್ ಖಾಲಿ ಆಗ್ಕೋತ ಬರ್ತೈತಿ, 4 ವೋಲ್ಟ್ ಮುಟ್ಟಿತಂದ್ರ ಮತ್ತ ಮ್ಯಾಲಕ್ಕ. ಈ 4 ರಿಂದ 8, 8 ರಿಂದ 4 ಓಡಾಟನ ನಮ್ಮ ಬೆಳಕು. ಟ್ರಾನ್ಸಿಸ್ಟರ್ ಕೆಲ್ಸ ಏನಂದ್ರ ಕೆಪಾಸಿಟರ್ ಮ್ಯಾಲಿನ ವೋಲ್ಟೇಜನ್ನ 0.7 ಕಡಿಮಿ ಮಾಡಿ ಎಮಿಟರ್‌ಗೆ ಕೊಡೋದು, ಹಂಗಾಗಿ ಅಲ್ಲಿ 3.3 ರಿಂದ 7.3 ಸಿಗ್ತೈತಿ. ಎರಡು ಕೆಂಪು ಎಲ್ಇಡಿಗೆ ಕೂಡಿ 4 ವೋಲ್ಟ್ ಹತ್ರ ಬೇಕು, 3.3 ಇದ್ದಾಗ ಪೂರ್ತಿ ಆರತಾವು, 7.3 ಕ್ಕ ಹೋದಾಗ 15 ಮಿಲಿಆಂಪ್ ಹರದು ಚಂದ ಬೆಳಗತಾವು. ಒಂದು ಸುತ್ತಿಗೆ ಮೂರು ಮೂರೂವರಿ ಸೆಕೆಂಡ್ ಹಿಡೀತೈತಿ, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ 20 ಪರ್ಸೆಂಟ್ ಹಿಂದ ಮುಂದ ಇರೋದು ಮಾಮೂಲಿ, ಅದಕ್ಕ ನಿಮ್ಮದು ಗೆಳೆಯನ ಬೋರ್ಡಿಗಿಂತ ತುಸು ನಿಧಾನ ಅಥವಾ ಜೋರು ಇದ್ರ ಅದು ದೋಷ ಅಲ್ಲ. ಈ ಐಸಿನ ಹಾನ್ಸ್ ಕಾಮೆನ್ಝಿಂಡ್ ಅನ್ನೋ ಎಂಜಿನಿಯರ್ 1971 ರಾಗ ಡಿಸೈನ್ ಮಾಡಿದ್ರು, 1972 ರಾಗ ಸಿಗ್ನೆಟಿಕ್ಸ್ ಕಂಪನಿ ಮಾರ್ಕೆಟಿಗೆ ತಂತು, ಐವತ್ತು ವರ್ಷ ದಾಟಿದ್ರೂ ಪಿನ್ ಜೋಡಣಿ ಅದ ಐತಿ, ಯಾವ ಕಂಪನಿದು ಸಿಕ್ರೂ ಇದಕ್ಕ ನಡೀತೈತಿ.

ಇನ್ನ ಮೀಟರ್ ಹಿಡಿಯೋ ವಿಷಯ. ಹಳದಿ ಬಣ್ಣದ ಸೋವಿ ಡಿಜಿಟಲ್ ಮೀಟರ್ ಸಾಕು, 20 ವೋಲ್ಟ್ ಡಿಸಿಗೆ ತಿರುವ್ರಿ, ಕರಿ ಪ್ರೋಬ್ ಗ್ರೌಂಡಿಗೆ ಒಂದು ಕ್ಲಿಪ್ ಹಾಕಿ ಅಲ್ಲೇ ಬಿಡ್ರಿ, ಕೆಂಪು ಪ್ರೋಬ್ ಒಂದ ಕೈಯಾಗ ಹಿಡ್ಕೊಂಡು ತಿರುಗಾಡ್ರಿ. ಮೀಟರ್ ಒಳಗಿನ ಬ್ಯಾಟರಿ ಇಳಿದಿದ್ರ ರೀಡಿಂಗ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸ್ತೈತಿ, ಬ್ಯಾಟರಿ ಗುರ್ತು ಸ್ಕ್ರೀನ್ ಮ್ಯಾಲೆ ಬಂದಿದ್ರ ಮದ್ಲ ಅದನ್ನ ಬದ್ಲಿ ಮಾಡ್ರಿ.

ಮದಲನೇ ಅಳತಿ ಅಡಾಪ್ಟರ್‌ದ್ದು, ಸರ್ಕ್ಯೂಟಿಗೆ ಹಚ್ಚೋಕಿಂತ ಮದ್ಲ. ಮನ್ಯಾಗ ಬಿದ್ದಿರೋ ಹಳೇ ರೌಟರ್ ಅಡಾಪ್ಟರ್ ಆದ್ರ ಚಲೋ, ಅದರಾಗ 12 ಅಂದ್ರ 12 ನ ಬರ್ತೈತಿ. ಭಾರ ಇರೋ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಮ್ಯಾಲೆ 12 ಅಂತ ಬರ್ದಿದ್ರೂ ಲೋಡ್ ಇಲ್ಲದಾಗ 15, 16, 17 ತನಕಾನೂ ತೋರಿಸ್ತೈತಿ, ಎನ್ಇ555 ಕ್ಕ 16 ವೋಲ್ಟೇ ಮಿತಿ, ಅಂಥದ್ದನ್ನ ಹಚ್ಚಬ್ಯಾಡ್ರಿ. ಎರಡನೇ ಅಳತಿ ಐಸಿದ 8ನೇ ಪಿನ್, ಬ್ರೆಡ್‌ಬೋರ್ಡ್ (ಬೆಸುಗಿ ಇಲ್ಲದ ಸಾಮಾನು ಚುಚ್ಚಿ ಜೋಡಿಸೋ ಬೋರ್ಡ್) ತೂತಿನಾಗ ಅಲ್ಲ, ಪಿನ್ನಿನ ಲೋಹಕ್ಕ ಪ್ರೋಬ್ ಮುಟ್ಟಿಸಿ ನೋಡ್ರಿ. ಮೂರನೇದು 5ನೇ ಪಿನ್. ಇದನ್ನ ಯಾರೂ ನೋಡೂದಿಲ್ಲ, ಆದ್ರ ನನಗ ಭಾಳ ಉಪಯೋಗ ಬಿದ್ದೈತಿ, ಯಾಕಂದ್ರ ಅದು ಐಸಿ ಒಳಗಿನ ಆ ಮೂರು ರೆಸಿಸ್ಟರ್‌ಗಳ ಮ್ಯಾಲಿನ ಗಂಟು, ಸಪ್ಲೈನ ಮೂರರಾಗ ಎರಡು ಪಾಲು, ಅಂದ್ರ 12 ಕ್ಕ 8 ವೋಲ್ಟ್ ಅಲುಗಾಡದ ನಿಂತಿರಬೇಕು. 8 ಐತಿ ಅಂದ್ರ ಐಸಿಗೆ ಸಪ್ಲೈ ಮುಟ್ಟೈತಿ, ತಿರುಗಮುರುಗ ಕುಂತಿಲ್ಲ, ಒಳಗಿನ ಸಾಲು ಬದುಕೈತಿ ಅಂತ ಒಂದ ಅಳತ್ಯಾಗ ಗೊತ್ತಾತು. ಅದಾದ ಮ್ಯಾಲೆ 2-6.

ಏನೂ ಹತ್ತಂಗಿಲ್ಲ, 5ನೇ ಪಿನ್ನಿನಾಗೂ ಏನೂ ಇಲ್ಲ ಅಂದ್ರ ಅದು ಸಪ್ಲೈ ದಾರಿ ತಪ್ಪಿದ್ದು. ಉದ್ದನ್ನ ಬ್ರೆಡ್‌ಬೋರ್ಡ್ ಭಾಳಷ್ಟರಾಗ ಕೆಂಪು ನೀಲಿ ಗೆರಿ ನಟ್ಟ ನಡುವ ತುಂಡಾಗಿರ್ತಾವು, ಗೆರಿ ಬಣ್ಣ ಅಲ್ಲಿ ಕಡದಿದ್ರ ಒಳಗಿನ ಪಟ್ಟಿನೂ ಕಡದೈತಿ ಅಂತ ತಿಳೀರಿ, ಒಂದು ತುಂಡು ವಾಯರ್ ಹಾಕಿ ಜೋಡಿಸ್ರಿ. ಐಸಿ ಬೋರ್ಡಿನ ನಡುವಿನ ಕಾಲುವಿ ಮ್ಯಾಲೆ ಕುಂದರಬೇಕು, ಒಂದ ಕಡೆ ಹಾಕಿದ್ರ ಎದುರು ಬದುರು ಪಿನ್ ಎಲ್ಲಾ ಶಾರ್ಟ್. ಅರ್ಧ ಚಂದ್ರದಂಥ ಕಚ್ಚು ಮ್ಯಾಲೆ ಮಾಡಿ ಹಿಡಿದ್ರ ಎಡಗಡೆ ಮದಲನೇದು 1ನೇ ಪಿನ್, ಅಲ್ಲಿಂದ ಕೆಳಗ 4 ತನಕ, ಆಮ್ಯಾಲೆ ಬಲಗಡೆ ಕೆಳಗಿಂದ ಮ್ಯಾಲೆ 5 ರಿಂದ 8. ಸಪ್ಲೈ ಕೊಟ್ಟ ಕೂಡ್ಲೆ ಐಸಿ ಬೆರಳು ಸುಡೂ ಹಂಗ ಬಿಸಿ ಆದ್ರ ತಟ್ಟನ ತಗೀರಿ, ಐಸಿ ತಿರುಗಿ ಕುಂತಿರಬಹುದು ಇಲ್ಲಾ ವಾಯರ್ ತಪ್ಪಿರಬಹುದು.

5ನೇ ಪಿನ್ 8 ತೋರಿಸಿ, 2-6 ಮಾತ್ರ ಸೊನ್ನಿ ಹತ್ರ ಮಲಗಿದ್ರ ಈಗ 3ನೇ ಪಿನ್ ನೋಡ್ರಿ. ಅದು 10.5 ಹತ್ರ ಇದ್ರ ಐಸಿ ತನ್ನ ಕೆಲ್ಸ ಮಾಡಾಕತ್ತೈತಿ, ಕೆಪಾಸಿಟರ್‌ಗೆ ಮುಟ್ಟವಲ್ದು ಅಷ್ಟ. ಒಂದೋ 10ಕೆ ರೆಸಿಸ್ಟರ್ ಕಾಲು ಪಕ್ಕದ ತೂತಿಗೆ ಹೋಗೈತಿ, ಇಲ್ಲಾ ಕೆಪಾಸಿಟರ್ ಶಾರ್ಟ್ ಆಗೈತಿ, ಇಲ್ಲಾ ರೆಸಿಸ್ಟರ್ ಬಣ್ಣ ತಪ್ಪಿ ಓದೀರಿ. ನಾಲ್ಕು ಪಟ್ಟಿ ಇರೋ 10ಕೆ ಅಂದ್ರ ಕಂದು, ಕರಿ, ಕಿತ್ತಳಿ, ಆಮ್ಯಾಲೆ ಬಂಗಾರ. ನೀಲಿ ಮೈಯಿಂದು ಐದು ಪಟ್ಟಿ ಮೆಟಲ್ ಫಿಲ್ಮ್ ಆದ್ರ ಕಂದು, ಕರಿ, ಕರಿ, ಕೆಂಪು, ಕಂದು. ಈ ಐದು ಪಟ್ಟಿದ್ದು ಎರಡೂ ತುದಿಗೆ ಕಂದು ಇರೋದ್ರಿಂದ ಯಾವ ಕಡೆಯಿಂದ ಓದಬೇಕು ಅನ್ನೋದು ತಿಳೀವಲ್ದು, ಸುಮ್ನ ಮೀಟರಿನಾಗ ಓಮ್ಸಿಗೆ ಹಾಕಿ ಅಳೀರಿ, ಬೋರ್ಡಿನಿಂದ ಒಂದು ಕಾಲು ಹೊರಗ ತಗದು. 3ನೇ ಪಿನ್ನೂ ಸೊನ್ನಿ ಇದ್ರ 4ನೇ ಪಿನ್ನಿಗೆ ಪ್ಲಸ್ ಬಂದೈತೇನು ನೋಡ್ರಿ. ಅದು ರಿಸೆಟ್, ಗ್ರೌಂಡಿಗೆ ತಾಕಿದ್ರ ಐಸಿ ಅಲ್ಲೇ ಬಾಯಿ ಮುಚ್ಚಿ ಕುಂದ್ರತೈತಿ. ಖಾಲಿ ಬಿಟ್ರ ಒಮ್ಮೊಮ್ಮೆ ನಡೀತೈತಿ, ಕೈ ಹತ್ರ ಒಯ್ದ್ರ ನಿಲ್ತೈತಿ, ಅಂಥಾ ಆಟ ಬ್ಯಾಡ, ವಾಯರ್ ಹಾಕ್ರಿ.

2-6 ರಾಗ ಸರಿಯಾಗಿ 0.7 ವೋಲ್ಟ್ ಕಂಡ್ರ ಮೀಟರ್ ನಿಮಗ ಉತ್ತರಾನ ಹೇಳಿಬಿಟ್ಟೈತಿ. ಟ್ರಾನ್ಸಿಸ್ಟರ್ ಎಮಿಟರ್ ಸೀದಾ ಗ್ರೌಂಡಿಗೆ ಹಚ್ಚೀರಿ, ಎಲ್ಇಡಿ ಕಲೆಕ್ಟರ್ ಕಡೆ ಇಟ್ಟೀರಿ. ರಿಲೇ, ಮೋಟಾರ್ ಸರ್ಕ್ಯೂಟಿನಾಗ ಟ್ರಾನ್ಸಿಸ್ಟರ್‌ನ ಸ್ವಿಚ್ ಥರ ಹಚ್ಚಿ ರೂಢಿ ಇದ್ದೋರ ಕೈ ತಾನಾಗಿ ಅತ್ತ ಹೋಗ್ತೈತಿ. ಇಲ್ಲಿ ಹಂಗ ಮಾಡಿದ್ರ ಬೇಸಿನ ಒಳಗಿನ ಡಯೋಡ್ ಕೆಪಾಸಿಟರ್‌ನ 0.7 ಕ್ಕ ಹಿಡ್ಕೊಂಡು ಬಿಡ್ತೈತಿ, ಅದು ಯಾವತ್ತೂ 8 ಮುಟ್ಟೂದಿಲ್ಲ, ಎಲ್ಇಡಿ ಹತ್ತಿದ್ದು ಹತ್ತಿದಂಗ ಇರ್ತೈತಿ. ಕಲೆಕ್ಟರ್ ಪ್ಲಸ್ಸಿಗೆ, ಲೋಡ್ ಎಲ್ಲಾ ಎಮಿಟರ್ ಕೆಳಗ, ಇದು ನೆನಪಿರಲಿ.

ಈಗ ಎಲ್ಲಾರಿಗಿಂತ ಜಾಸ್ತಿ ಮಂದಿಗೆ ಬರೋ ದೋಷ. ಬೆಳಕು ಮೆಲ್ಲಕ ಏರತೈತಿ, ಪೂರ್ತಿ ಏರಿ ಅಲ್ಲೇ ನಿಂತ್ಬಿಡ್ತೈತಿ, ಇಳಿಯವಲ್ದು. ಇಲ್ಲಾಂದ್ರ ಒಂದು ಸಾಲು ಎಲ್ಇಡಿ (ಒಂದು 220 ಓಮ್, ಎರಡು ಎಲ್ಇಡಿ) ಹಚ್ಚಿದಾಗ ಚಂದ ನಡೀತಿತ್ತು, ಎರಡಕ್ಕೂ ನಡೀತು, ನಾಕನೇ ಸಾಲು ಹಚ್ಚಿದ ಕೂಡ್ಲೆ ನಿಂತು. ಇದಕ್ಕ ಐಸಿ ಸುಟ್ಟಿತು ಅಂತ ಬ್ಯಾರೆ ತರ್ತಾರ, ಅದೂ ಹಂಗ ಮಾಡ್ತೈತಿ, ಸಾಮಾನು ನಕಲಿ ಅಂತ ಅಂಗಡ್ಯವರ ಮ್ಯಾಲೆ ಸಿಟ್ಟಾಗ್ತಾರ. ಐಸಿದೂ ತಪ್ಪಲ್ಲ, ಅಂಗಡ್ಯವ್ರದೂ ತಪ್ಪಲ್ಲ. 2-6 ಕ್ಕ ಪ್ರೋಬ್ ಇಡ್ರಿ, ನಂಬರ್ ಏರ್ಕೋತ ಬರ್ತೈತಿ, 5, 6, 7 ಜೋರಾಗಿ ಹೋಗ್ತೈತಿ, ಆಮ್ಯಾಲೆ 7.5, 7.6 ಅಂತ ತೆವಳಾಕತ್ತತೈತಿ, 7.7 ಹತ್ರ ಬಂದು ಗಟ್ಟಿ ನಿಂತ್ಬಿಡ್ತೈತಿ. 8 ಕ್ಕ ಇನ್ನೊಂದು ಚೂರು ಉಳದಿತ್ತು. 8 ಮುಟ್ಟೋ ತನಕ ಐಸಿ 3ನೇ ಪಿನ್ನ ಕೆಳಗ ಎಳಿಯೂದಿಲ್ಲ.

ಯಾಕ ನಿಂತು ಅಂದ್ರ ಲೆಕ್ಕ ಹಿಂಗೈತಿ. 3ನೇ ಪಿನ್ ಮ್ಯಾಲೆ ಹೋದಾಗ ಅದು 12 ಕ್ಕ ಹೋಗೂದಿಲ್ಲ, ಐಸಿ ಒಳಗ ಒಂದೂವರಿ ವೋಲ್ಟ್ ಹತ್ರ ಕಳೀತೈತಿ, 10.5 ಸಿಗ್ತೈತಿ. ಕೆಪಾಸಿಟರ್ 8 ಕ್ಕ ಬಂದಾಗ 10ಕೆ ರೆಸಿಸ್ಟರ್ ಮ್ಯಾಲೆ ಉಳಿಯೋದು ಬರೇ 2.5 ವೋಲ್ಟ್, ಅಂದ್ರ ಅದರಾಗ ಹರಿಯೋದು 250 ಮೈಕ್ರೋಆಂಪ್ ಅಷ್ಟ. ಅದ ಹೊತ್ತಿಗೆ ಎಲ್ಇಡಿ ಪೂರ್ತಿ ಬೆಳಗತಿರ್ತಾವು, ಒಂದು ಸಾಲಿಗೆ 15 ಮಿಲಿಆಂಪ್, ನಾಕು ಸಾಲಿಗೆ 60. ಟ್ರಾನ್ಸಿಸ್ಟರ್ ಗೇನ್ (ಬೇಸಿಗೆ ಹರಿದದ್ದರ ಎಷ್ಟು ಪಟ್ಟು ಲೋಡಿಗೆ ಹರೀತೈತಿ ಅನ್ನೋ ಲೆಕ್ಕ) 200 ಇದ್ರ 60 ಮಿಲಿಆಂಪ್ ಕೊಡಾಕ ಅದಕ್ಕ ಬೇಸಿಗೆ 300 ಮೈಕ್ರೋಆಂಪ್ ಬೇಕು. ಬರೋದು 250, ಬೇಕಾಗಿದ್ದು 300. ತುಂಬಾಕ ಬಂದಿದ್ದೆಲ್ಲಾ ಬೇಸ್ ಕುಡದು ಬಿಡ್ತೈತಿ, ಕೆಪಾಸಿಟರ್‌ಗೆ ಏನೂ ಉಳಿಯಂಗಿಲ್ಲ, ಅದಕ್ಕ 7.7 ಕ್ಕ ನಿಂತದ್ದು. ಬಿಸಿ547 ರಾಗ ಎ, ಬಿ, ಸಿ ಅಂತ ಬರ್ತಾವು, ಎ ಅಂದ್ರ ಗೇನ್ 110 ರಿಂದ 220, ಬಿ ಅಂದ್ರ 200 ರಿಂದ 450, ಸಿ ಅಂದ್ರ 420 ರಿಂದ 800. ಒಂದ ಚಿತ್ರ ನೋಡಿ ಮಾಡಿದ ಎರಡು ಬೋರ್ಡಿನಾಗ ಒಂದು ನಡೆದು ಇನ್ನೊಂದು ನಿಂತದ್ದು ಯಾಕ ಅನ್ನೋದಕ್ಕ ಕಾರಣ ಇದ, ಒಬ್ಬನ ಕೈಗೆ ಸಿ ಸಿಕ್ಕಿರ್ತೈತಿ, ಇನ್ನೊಬ್ಬನ ಕೈಗೆ ಎ. ಪೂರ್ತಿ ನಿಲ್ಲಂಗಿಲ್ಲ, ಆದ್ರ ಮ್ಯಾಲೆ ಹೋಗಿ ಭಾಳ ಹೊತ್ತು ಕುಂತು ಆಮ್ಯಾಲೆ ಇಳೀತೈತಿ ಅಂದ್ರೂ ಇದ ರೋಗ, ಇನ್ನೂ ಶುರುವಿನಾಗ ಐತಿ ಅಷ್ಟ.

ಖಾತ್ರಿ ಮಾಡ್ಕೊಳ್ಳೋದು ಹಗುರ. ಚಾಲೂ ಇದ್ದಾಗನ ಟ್ರಾನ್ಸಿಸ್ಟರ್ ಬೇಸಿನ ವಾಯರ್ ಕಿತ್ರಿ. ಎಲ್ಇಡಿ ಆರತಾವು, ಆರಲಿ, ಕಣ್ಣು ಮೀಟರ್ ಮ್ಯಾಲೆ ಇರಲಿ. 2-6 ತಟ್ಟನ 8 ಕ್ಕ ಏರಿ 4 ಕ್ಕ ಇಳಿದು ಮತ್ತ ಏರಾಕ ಹತ್ತಿದ್ರ ಐಸಿ, ಕೆಪಾಸಿಟರ್, ರೆಸಿಸ್ಟರ್ ಮೂರೂ ಬರೋಬ್ಬರಿ ಅದಾವು, ಲೋಡ್ ಜಾಸ್ತಿ ಆಗಿದ್ದು ಖರೆ.

ಸರಿ ಮಾಡೋ ದಾರಿ ಎರಡು ಅದಾವು. ಸಾಲು ಎರಡು ಮೂರು ಅಷ್ಟ ಇದ್ರ 10ಕೆ ತಗದು 4.7ಕೆ ಹಾಕ್ರಿ, ಕೆಪಾಸಿಟರ್ 220 ತಗದು 470 ಹಾಕ್ರಿ, ವೇಗ ಹಂಗ ಉಳೀತೈತಿ, ಬೇಸಿಗೆ ಎರಡ್ಪಟ್ಟು ಸಿಗ್ತೈತಿ. ಮಂಟಪದ ತುಂಬ ಹಚ್ಚೋದಿದ್ರ ಎರಡು ಟ್ರಾನ್ಸಿಸ್ಟರ್ ಒಂದಕ್ಕೊಂದು ಹೆಗಲು ಕೊಡೂ ಹಂಗ ಹಚ್ರಿ, ಡಾರ್ಲಿಂಗ್ಟನ್ ಅಂತಾರ ಇದಕ್ಕ. ಮದಲನೇ ಬಿಸಿ547 ಎಮಿಟರ್ ಎರಡನೇದರ ಬೇಸಿಗೆ, ಎರಡರ ಕಲೆಕ್ಟರ್‌ನೂ 12 ವೋಲ್ಟಿಗೆ, ಎಲ್ಇಡಿ ಎಲ್ಲಾ ಎರಡನೇದರ ಎಮಿಟರ್‌ಗೆ. ಎರಡನೇದು ಬಿಡಿ139 ಇದ್ರ ಹತ್ತು ಸಾಲು ಆರಾಮ ಎಳೀತೈತಿ. ಒಂದ ಸಾಮಾನಿನಾಗ ಮುಗಿಬೇಕು ಅಂದ್ರ ಟಿಐಪಿ122 ತರ್ರಿ, ಅದರ ಒಳಗ ಎರಡೂ ಅದಾವು, ಗೇನ್ ಸಾವಿರಕ್ಕೂ ಮ್ಯಾಲೆ. ಬರೇ ಬಿಡಿ139 ಒಂದನ್ನ ಬಿಸಿ547 ಜಾಗಾಕ್ಕ ಹಾಕೋದು ಮಾತ್ರ ಬ್ಯಾಡ. ದೊಡ್ಡ ಟ್ರಾನ್ಸಿಸ್ಟರ್ ಹಾಕಿದ್ರ ಸರಿ ಹೋದೀತು ಅಂತ ಭಾಳ ಮಂದಿ ಹಂಗ ಮಾಡ್ತಾರ, ಅದರ ಗೇನ್ 40 ರಿಂದ 250 ಅಷ್ಟ, ಇದ್ದ ತ್ರಾಸು ಜಾಸ್ತಿನ ಆಗ್ತೈತಿ. ಡಾರ್ಲಿಂಗ್ಟನ್ ಹಾಕಿದಾಗ 0.7 ಬದ್ಲಿ 1.4 ಹತ್ರ ಕಳೀತೈತಿ, ಬೆಳಕು ತುಸು ಕಡಿಮಿ ಕಂಡೀತು, ಆವಾಗ 220 ಓಮ್ ಬದ್ಲಿ 150 ಹಾಕ್ರಿ. ಪ್ರತಿ ಸಾಲಿಗೂ ತನ್ನದ ಒಂದು ರೆಸಿಸ್ಟರ್ ಬೇಕು, ಹತ್ತು ಸಾಲಿಗೆ ಕೂಡಿ ಒಂದ ರೆಸಿಸ್ಟರ್ ಇಟ್ರ ಒಂದು ಸಾಲು ಜೋರಾಗಿ ಬೆಳಗಿ ಉಳಿದಾವು ಮಂಕ ಆಗ್ತಾವು.

ಬೇಸ್ ಕಿತ್ತಿದ ಮ್ಯಾಲೂ 2-6 ನಿಂತಲ್ಲೇ ನಿಂತಿದ್ರ ಆವಾಗ ಕೆಪಾಸಿಟರ್ ಮ್ಯಾಲೆ ಸಂಶಯ ಪಡ್ರಿ. ಮೈ ಮ್ಯಾಲೆ ಬಿಳಿ ಅಥವಾ ಬೂದಿ ಬಣ್ಣದ ಪಟ್ಟಿ ಇರೋ ಕಡೆ ಮೈನಸ್ ಕಾಲು, ತಿರುಗಿ ಹಾಕಿದ್ರ ಒಳಗ ಸೋರತೈತಿ, ತುಂಬಿದಷ್ಟೂ ಸೋರಿ ಹೋಗ್ತೈತಿ. ಹಂಗ ತಿರುಗಿ ಕುಂತು ಬಿಸಿ ಆದದ್ದನ್ನ ಸರಿ ಮಾಡಿ ಹಾಕಿ ಬಳಸಬ್ಯಾಡ್ರಿ, ಒಗೀರಿ, ಉಬ್ಬಿ ಒಡದ್ರ ಕಣ್ಣಿಗೆ ಅಪಾಯ. ಹಳೇ ಟಿವಿ ಬೋರ್ಡಿನಿಂದ ಕಿತ್ತಿದ ಕೆಪಾಸಿಟರ್‌ನೂ ಸೋರ್ತಿರ್ತಾವು, ಹೊಸಾದಕ್ಕ ಕೆಲವೇ ರೂಪಾಯಿ, ಇದೊಂದರಾಗ ಉಳಿತಾಯ ನೋಡಬ್ಯಾಡ್ರಿ. 2-6 ಎಂಟನ್ನೂ ದಾಟಿ 10 ಕ್ಕ ಹೋಗಿ ಕುಂತಿದ್ರ 6ನೇ ಪಿನ್ನಿಗೆ ವಾಯರ್ ಮುಟ್ಟಿಲ್ಲ, ಐಸಿಗೆ 8 ಆದದ್ದು ಕಾಣವಲ್ದು. ಐಸಿ ಪಿನ್ ಒಂದು ಒಳಗ ಮಡಚಿ ಹೊಟ್ಟಿ ಕೆಳಗ ಸೇರಿರೋದೂ ಇರ್ತೈತಿ, ಮ್ಯಾಲಿಂದ ನೋಡಿದ್ರ ತಿಳಿಯಂಗಿಲ್ಲ, ಐಸಿ ಎತ್ತಿ ನೋಡ್ರಿ.

ಟ್ರಾನ್ಸಿಸ್ಟರ್ ಕಾಲು ಬಗ್ಗೆ ಒಂದು ಮಾತು. ಬಿಸಿ547 ನ ಚಪ್ಪಟಿ ಮುಖ ನಿಮ್ಮ ಕಡೆ, ಕಾಲು ಕೆಳಗ ಮಾಡಿ ಹಿಡಿದ್ರ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅದು ಸಿಗಲಿಲ್ಲ ಅಂತ ಪ್ಲಾಸ್ಟಿಕ್ ಮೈಯಿಂದು 2ಎನ್2222 ತಂದ್ರ ಕೆಲವು ಕಂಪನಿದು ಉಲ್ಟಾ, ಎಮಿಟರ್, ಬೇಸ್, ಕಲೆಕ್ಟರ್. ಎಮಿಟರ್ ಕಲೆಕ್ಟರ್ ಅದಲ್ ಬದಲ್ ಆದ್ರ ಗೇನ್ ಬಿದ್ದು ಹೋಗ್ತೈತಿ, ಮ್ಯಾಲೆ ಹೇಳಿದ ನಿಂತು ಹೋಗೋ ರೋಗಾನ ಬರ್ತೈತಿ. ಹಳದಿ ಮೀಟರಿನಾಗ ಗೇನ್ ಅಳಿಯೋ ಸಣ್ಣ ಗುಂಡನ್ನ ಸಾಕೆಟ್ ಇರ್ತೈತಿ, ಎನ್‌ಪಿಎನ್ ಕಡೆ ಹಾಕಿ ನೋಡ್ರಿ, ಸರಿಯಾಗಿ ಕುಂತ್ರ ಎರಡು ನೂರು ಮುನ್ನೂರು ಹತ್ರ ಬರ್ತೈತಿ, ತಿರುಗಿ ಕುಂತ್ರ ಹತ್ತು ಇಪ್ಪತ್ತರಾಗ ಮುಗೀತೈತಿ. ಅದ ನಂಬರ್ ಮ್ಯಾಲಿನ ಲೆಕ್ಕಕ್ಕೂ ಬಳಸ್ರಿ.

ಇನ್ನ ನಡೆಯೋದು ನಡೀತೈತಿ, ಆದ್ರ ಮನಸ್ಸಿಗೆ ಬಂದಂಗ ಇಲ್ಲ ಅನ್ನೋರಿಗೆ. ಪೂರ್ತಿ ಆರವಲ್ದು ಅಂದ್ರ ಒಂದ ಕೆಂಪು ಎಲ್ಇಡಿ ಹಚ್ಚಿರಬೇಕು ನೋಡ್ರಿ, ಅದಕ್ಕ 2 ವೋಲ್ಟ್ ಸಾಕು, ಎಮಿಟರಿನಾಗ ಕಡಿಮಿ ಅಂದ್ರೂ 3.3 ಇದ್ದ ಇರ್ತೈತಿ, ಆರೋದಕ್ಕ ದಾರಿನ ಇಲ್ಲ. ಎರಡು ಸಾಲಾಗಿ ಹಾಕ್ರಿ, ಇಲ್ಲಾ ಎರಡು 1ಎನ್4007 ಡಯೋಡ್ ಜೋಡಿಸ್ರಿ, ಒಂದೊಂದಕ್ಕ 0.7 ಕಳೀತೈತಿ. ನೀಲಿ, ಬಿಳಿ ಎಲ್ಇಡಿಗೆ 3 ವೋಲ್ಟ್ ಬೇಕಾಗೋದ್ರಿಂದ ಒಂದಕ್ಕ ಒಂದು ಡಯೋಡ್ ಸಾಕು. ಸಾಲಿನಾಗ ಎರಡು ನೀಲಿ ಹಾಕಿದ್ರ 6 ವೋಲ್ಟ್ ಬೇಕು, ಆವಾಗ ಭಾಳ ಹೊತ್ತು ಆರಿ, ತುದಿಗೆ ಒಂದು ಗಳಿಗಿ ಅಷ್ಟ ಬೆಳಗಿ ಮತ್ತ ಆರತಾವು. ಮೊಬೈಲ್ ಚಾರ್ಜರ್ 5 ವೋಲ್ಟಿಗೆ ಹಚ್ಚಿ ನೀಲಿ ಹತ್ತವಲ್ದು ಅನ್ನೋರು ಇದ ಲೆಕ್ಕ ಹಾಕಿ ನೋಡ್ರಿ, 5 ಕ್ಕ ಕೆಪಾಸಿಟರ್ ಬರೇ 3.3 ತನಕ ಹೋಗ್ತೈತಿ, ಎಮಿಟರಿಗೆ 2.6, ನೀಲಿ ಎಲ್ಲಿಂದ ಹತ್ತಬೇಕು. ಅಷ್ಟ ಅಲ್ಲ, 5 ವೋಲ್ಟಿನಾಗ 3ನೇ ಪಿನ್ನೇ ಮೂರೂವರಿ ಹತ್ರ ಮುಗೀತೈತಿ, 3.3 ಮುಟ್ಟಾಕ ಭಾಳ ಹೊತ್ತು ಹಿಡೀತೈತಿ ಇಲ್ಲಾ ಮುಟ್ಟೂದ ಇಲ್ಲ. 5 ವೋಲ್ಟೇ ಬೇಕು ಅಂದ್ರ ಟಿಎಲ್‌ಸಿ555 ಇಲ್ಲಾ 7555 ಅನ್ನೋ ಸಿಮಾಸ್ ಐಸಿ ತರ್ರಿ, ಅದರ ಔಟ್‌ಪುಟ್ ಸಪ್ಲೈ ತನಕ ಹೋಗ್ತೈತಿ, ಒಂದೊಂದ ಕೆಂಪು ಎಲ್ಇಡಿ ಹಚ್ರಿ. ಮಾಮೂಲಿ ಎನ್ಇ555 ರಾಗ ಏರೋದು ನಿಧಾನ, ಇಳಿಯೋದು ಜೋರು ಆಗೋದೂ ಆ ಒಂದೂವರಿ ವೋಲ್ಟ್ ಕಳಿಯೋದ್ರಿಂದನ, 12 ವೋಲ್ಟಿನಾಗ ಅದು ಅಷ್ಟು ಕಣ್ಣಿಗೆ ಹೊಡಿಯಂಗಿಲ್ಲ.

ಮೆಲ್ಲಕ ಏರೋ ಬದ್ಲಿ ಪಟಪಟ ಬಡಕೊಂಡ್ರ ಕೆಪಾಸಿಟರ್ ಮ್ಯಾಲೆ ಬರ್ದದ್ದು ಓದ್ರಿ, 220 ಬದ್ಲಿ 22 ಇದ್ರ ಸೆಕೆಂಡಿಗೆ ಮೂರು ಸರ್ತಿ ಬಡೀತೈತಿ, 2.2 ಇದ್ರ ಬರೇ ನಡುಗಿದಂಗ ಕಾಣ್ತೈತಿ. ಕೆಪಾಸಿಟರ್ ಸರಿ ಇದ್ದೂ ಟಕ್ ಅಂತ ಹತ್ತಿ ಟಕ್ ಅಂತ ಆರಿದ್ರ ಎಲ್ಇಡಿ 3ನೇ ಪಿನ್ನಿಗೆ ಹಚ್ಚೀರಿ, ಎಮಿಟರಿಗೆ ತರ್ರಿ. ತನ್ನಷ್ಟಕ್ಕ ಬಣ್ಣ ಬದಲಿಸೋ ಎಲ್ಇಡಿ ಬರ್ತಾವಲ್ಲ, ಒಳಗ ಒಂದು ಸಣ್ಣ ಕರಿ ಚುಕ್ಕಿ ಕಾಣ್ತೈತಿ, ಅದು ಚಿಪ್, ಅದಕ್ಕ ಒಂದ ಸಮ ವೋಲ್ಟೇಜ್ ಬೇಕು, ಅಂಥಾವನ್ನ ಈ ಸರ್ಕ್ಯೂಟಿಗೆ ಹಚ್ಚಿದ್ರ ಹುಚ್ಚುಚ್ಚಾರ ಹತ್ತತಾವು.

ರೋಲಿನಾಗ ಬರೋ 12 ವೋಲ್ಟ್ ಎಲ್ಇಡಿ ಸ್ಟ್ರಿಪ್ ಹಚ್ಚಿ ಹತ್ತವಲ್ದು ಅಂತ ಕೇಳೋರು ಭಾಳ. ಅದರಾಗ ಮೂರು ಮೂರು ಬಿಳಿ ಎಲ್ಇಡಿ ಸಾಲಾಗಿ ಅದಾವು, 9 ವೋಲ್ಟ್ ಹತ್ರ ಬೇಕು, ನಮ್ಮ ಎಮಿಟರ್ ಕೊಡೋದು 7.3. ಏನ ಬದ್ಲಿ ಮಾಡಿದ್ರೂ ಇದರಾಗ ಅದು ಚಂದ ಬೆಳಗೂದಿಲ್ಲ, ಸ್ಟ್ರಿಪ್ ಸಲುವಾಗಿ ಈ ಸರ್ಕ್ಯೂಟಿನ ಜೋಡಿ ಜಗ್ಗಾಡಬ್ಯಾಡ್ರಿ, ಅದಕ್ಕ ಆರ್ಡುಯಿನೊ ನ್ಯಾನೊ ಅನ್ನೋ ಸಣ್ಣ ಪ್ರೋಗ್ರಾಂ ಬೋರ್ಡ್ ಇಟ್ಟು ಪಿಡಬ್ಲ್ಯುಎಂ (ಭಾಳ ಜೋರಾಗಿ ಆನ್ ಆಫ್ ಮಾಡಿ ಬೆಳಕು ಏರಿಳಿಸೋದು) ಮಾಡಿ ಐಆರ್‌ಎಲ್‌ಝಡ್44ಎನ್ ಮಾಸ್ಫೆಟ್ ಮೂಲಕ ಕೊಡೋದು ಸರಿ.

9 ವೋಲ್ಟಿನ ಚೌಕ ಬ್ಯಾಟರಿ ಟೇಬಲ್ ಮ್ಯಾಲೆ ಪರೀಕ್ಷೆ ಮಾಡಾಕ ಅಡ್ಡಿಯಿಲ್ಲ, ಹಬ್ಬ ಮುಗಿಯೋ ತನಕ ಅದು ಬರೂದಿಲ್ಲ, 555 ಒಂದ ಹತ್ರತ್ರ 5 ರಿಂದ 10 ಮಿಲಿಆಂಪ್ ತಾನ ತಿಂತೈತಿ. ವೋಲ್ಟೇಜ್ ಇಳಿದಂಗ ಬೆಳಕೂ ಇಳೀತೈತಿ. ಒಂದ ಅಡಾಪ್ಟರಿಗೆ ಮೂರು ನಾಕು ಸರ್ಕ್ಯೂಟ್ ಹಚ್ಚಿದಾಗ ಒಂದು ತಿರುಗಿದ್ರ ಇನ್ನೊಂದು ಬೆಚ್ಚಿ ಬಿದ್ದಂಗ ಮಾಡಿದ್ರ ಪ್ರತಿ ಐಸಿದ 8 ಮತ್ತ 1ನೇ ಪಿನ್ ನಡುವ, ಪಿನ್ನಿಗೆ ಒತ್ತಿ, ಒಂದು 100 ಮೈಕ್ರೋಫ್ಯಾರಡ್ ಮತ್ತ ಒಂದು 104 ಸೆರಾಮಿಕ್ ಹಾಕ್ರಿ. ಎನ್ಇ555 ತಿರುಗೋ ಕ್ಷಣಕ್ಕ ಸಪ್ಲೈನಿಂದ ಒಮ್ಮೆಲೆ ಜೋರಾಗಿ ಎಳೀತೈತಿ, ಅದನ್ನ ಈ ಕೆಪಾಸಿಟರ್ ಕೊಡ್ತಾವು.

ಬ್ರೆಡ್‌ಬೋರ್ಡಿನಾಗ ನಡೆದು ಬೆಸುಗಿ ಹಾಕಿದ ಮ್ಯಾಲೆ ನಡೀಲಿಲ್ಲಂದ್ರ ಮದ್ಲ ಡ್ರೈ ಸೋಲ್ಡರ್ ಹುಡುಕ್ರಿ. ಚಲೋ ಬೆಸುಗಿ ಹೊಳೀತೈತಿ, ಕಾಲಿನ ಸುತ್ತ ಇಳಿಜಾರಾಗಿ ಹಬ್ಬಿರ್ತೈತಿ; ಡ್ರೈ ಆದದ್ದು ಮಂಕಾಗಿ ಗುಂಡಗ ಕುಂತಿರ್ತೈತಿ, ಕಾಲು ಜರಾ ಅಲುಗಾಡಿಸಿದ್ರ ಸುತ್ತ ಒಂದು ಕರಿ ಉಂಗುರ ಕಾಣ್ತೈತಿ. ಐರನ್ ಕಾಲಿಗೂ ಬೋರ್ಡಿನ ತಾಮ್ರಕ್ಕೂ ಎರಡಕ್ಕೂ ತಾಗಿಸಿ ಕಾಯಿಸಿ, ಆಮ್ಯಾಲೆ ಸೋಲ್ಡರ್ ಮುಟ್ಟಿಸ್ರಿ. ಐಸಿನ ಸೀದಾ ಬೆಸಿಬ್ಯಾಡ್ರಿ, 8 ಪಿನ್ನಿನ ಐಸಿ ಬೇಸ್ (ಸಾಕೆಟ್) ಹಾಕ್ರಿ. ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬಂದು ಸಾಮಾನು ಒಯ್ಯೋರು 555 ಎರಡು, ಬಿಸಿ547 ನಾಕೈದು, 220 ಮೈಕ್ರೋಫ್ಯಾರಡ್ ಮೂರು, 10ಕೆ ಮತ್ತ 4.7ಕೆ ಎರಡೂ, 150 ಮತ್ತ 220 ಓಮ್ ಎರಡೂ, ಒಂದು ಟಿಐಪಿ122 ಇಷ್ಟು ಒಮ್ಮೆನ ತಗೊಂಡ್ ಹೋಗ್ರಿ, ಹಬ್ಬದ ಹಿಂದಿನ ದಿನ ಒಂದು ರೆಸಿಸ್ಟರ್ ಸಲುವಾಗಿ ಬಸ್ ಹತ್ತೋ ಪಾಳಿ ಬರಬಾರದು.

ಮಂಟಪಕ್ಕ ಹಚ್ಚೋವಾಗ ಧಾರವಾಡದ ಕಡೆ ಭಾದ್ರಪದದಾಗ ಜಿಟಿಜಿಟಿ ಮಳಿ ಇದ್ದ ಇರ್ತೈತಿ. 12 ವೋಲ್ಟಿನ ಕಡೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯಾಗ ಬೋರ್ಡ್ ಇಟ್ಟು ವಾಯರ್ ಹೊರಗ ಬರೋ ತೂತು ಕೆಳಮುಖ ಮಾಡಿದ್ರ ಸಾಕು, ಎಲ್ಇಡಿ ವಾಯರ್ ಮಂಟಪದಷ್ಟು ಉದ್ದ ಇದ್ರೂ ನಡೀತೈತಿ. 230 ವೋಲ್ಟಿನ ಕಡೆ ಹಂಗಲ್ಲ, ಅಡಾಪ್ಟರ್ ಮತ್ತ ಎಕ್ಸ್‌ಟೆನ್ಶನ್ ಬೋರ್ಡ್ ನೀರು ಬೀಳದ, ಸಣ್ಣ ಹುಡುಗೂರ ಕೈಗೆ ಸಿಗದ ಎತ್ತರಕ್ಕ ಇರಬೇಕು. ಪ್ಯಾಟಿಯಿಂದ ತಂದ ಸೀರಿಯಲ್ ಸೆಟ್ ಭಾಳಷ್ಟು ಸೀದಾ 230 ಮ್ಯಾಲೆ ನಡೀತಾವು, ಅವುಗಳ ವಾಯರ್ ಕತ್ತರಿಸಿ ಈ ಸರ್ಕ್ಯೂಟಿಗೆ ಕೂಡಿಸಾಕ ಹೋಗಬ್ಯಾಡ್ರಿ, ಬಿಡಿ ಎಲ್ಇಡಿ ತಂದು ಹಚ್ರಿ. ಟಿಐಪಿ122 ಹತ್ತು ಸಾಲಿಗೆ ಬೆಚ್ಚಗ ಆಗೋದು ಸಹಜ, ಅದಕ್ಕೂ ಜಾಸ್ತಿ ಸಾಲು ಹಚ್ಚೋದಿದ್ರ ಬೆನ್ನಿಗೆ ಒಂದು ಅಲ್ಯುಮಿನಿಯಂ ತಗಡು ಸ್ಕ್ರೂ ಹಾಕಿ ಬಿಗೀರಿ, ಆ ತಗಡು ಬ್ಯಾರೆ ಯಾವ ವಾಯರಿಗೂ ತಾಗಬಾರದು, ಯಾಕಂದ್ರ ಅದರ ಬೆನ್ನೇ ಕಲೆಕ್ಟರ್, ಅಲ್ಲಿ ಸೀದಾ 12 ವೋಲ್ಟ್ ಇರ್ತೈತಿ.